ವೇದಾವತಿ ಕಣಿವೆಯಲ್ಲಿ ನೀರಿನ ನಡೆ

(ರೈತರ ಶಿಬಿರವೊಂದರಲ್ಲಿ ಮಾಡಿದ ಭಾಷಣ)



2022ರ ಸೆಪ್ಟೆಂಬರ್ ತಿಂಗಳಲ್ಲಿ ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರ ಕೋಡಿ ಬಿದ್ದದ್ದು ತಮಗೆಲ್ಲ ತಿಳಿದೇ ಇದೆ. ಅದಕ್ಕೆ ಹಿಂದೆ ಮಾರಿಕಣಿವೆಯ ಕೋಡಿಯಲ್ಲಿ ನೀರು ಹರಿದದ್ದು 1933ರಲ್ಲಿ. ನಡುವೆ ಕಳೆದದ್ದು 89 ವರ್ಷ. ಈ ಅವಧಿಯಲ್ಲಿ ಒಳ್ಳೆಯ ಮಳೆಯ ವರ್ಷಗಳು ಬರಲಿಲ್ಲವೇ? ಬಂದವು. ಊರೂರ ಕೆರೆ ತುಂಬಿದ ವರ್ಷಗಳೂ ಇದ್ದವು. ಆದರೂ ಸಾಗರ ತುಂಬಲಿಲ್ಲ. ಹಾಗಾದರೆ ಬಿದ್ದ ಮಳೆ ಎಲ್ಲಿಗೆ ಹೋಯಿತು?

ಈ ಪ್ರಶ್ನೆಗೆ ಹಳ್ಳಿಗಳಲ್ಲಿ ಮೂರು ಉತ್ತರ ಸಿಕ್ಕುತ್ತವೆ. ಮಳೆಯೇ ಕಡಮೆಯಾಯಿತು ಎಂದು ಕೆಲವರು, ಮೇಲಿನವರು ಕಟ್ಟಿಕೊಂಡರು ಎಂದು ಕೆಲವರು, ಕಾಡು ಕಡಿದದ್ದರ ಫಲ ಎಂದು ಮತ್ತೆ ಕೆಲವರು. ಮೂರರಲ್ಲೂ ಸ್ವಲ್ಪ ಸ್ವಲ್ಪ ಹುರುಳಿದೆ. ಆದರೆ ಹೊಲದ ಬದುವಿನಿಂದ ಹೊಳೆಯವರೆಗೆ ನೀರು ಹೇಗೆ ನಡೆಯುತ್ತದೆಂಬ ಲೆಕ್ಕವನ್ನು ಹಿಡಿಯದೆ ಯಾವ ಉತ್ತರವೂ ಪೂರ್ಣವಾಗುವುದಿಲ್ಲ. ಆ ಲೆಕ್ಕವನ್ನು ಇಂದು ನಿಮ್ಮ ಮುಂದೆ ಇಡುವೆನು.

ಒಂದು ಹೊಳೆಗೆ ಎಷ್ಟು ನೆಲದ ಮಳೆಯ ನೀರು ಇಳಿದು ಬರುತ್ತದೆಯೋ ಅಷ್ಟೂ ನೆಲ ಆ ಹೊಳೆಯ ಜಲಾನಯನ ಪ್ರದೇಶ. ಅದರ ಎಲ್ಲೆಯನ್ನು ಕಂದಾಯ ಇಲಾಖೆ ಹಾಕಿದ್ದಲ್ಲ, ಗುಡ್ಡದ ನೆತ್ತಿ ಹಾಕಿದ್ದು. ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿ ಶ್ರೇಣಿಯನ್ನೇ ತೆಗೆದುಕೊಳ್ಳಿ. ಹಿರಿಯರು ಇದನ್ನು ಚಂದ್ರದ್ರೋಣ ಪರ್ವತವೆಂದು ಕರೆಯುತ್ತಾರೆ. ಇದರ ಒಂದು ಮಗ್ಗುಲಿಗೆ, ಜಾಗರ ಕಣಿವೆಗೆ ಬಿದ್ದ ಹನಿ ಭದ್ರೆಗೆ ಸೇರಿ ಲಕ್ಕವಳ್ಳಿಯ ಜಲಾಶಯಕ್ಕೆ ಹೋಗುತ್ತದೆ. ಮೂಡಲ ಮಗ್ಗುಲಿಗೆ ಬಿದ್ದದ್ದು ವೇದಾ, ಆವತಿ ಎಂಬ ಎರಡು ಹೊಳೆಗಳಾಗಿ ಕಡೂರು ಸೀಮೆಗೆ ಇಳಿಯುತ್ತದೆ. ಚಿಕ್ಕಮಗಳೂರು ಪಟ್ಟಣದ ಕಡೆಗೆ ಬಿದ್ದದ್ದು ಯಗಚಿಯಾಗಿ ಹೇಮಾವತಿಯನ್ನು ಸೇರಿ ಕಾವೇರಿಗೆ ಹೋಗುತ್ತದೆ. ಒಂದೇ ಮೋಡ, ಒಂದೇ ಗುಡ್ಡ. ನೆತ್ತಿಯ ಆಚೆ ಈಚೆ ನಾಲ್ಕು ಮಾರು ಅಂತರದಲ್ಲಿ ಬಿದ್ದ ಎರಡು ಹನಿಗಳಲ್ಲಿ ಒಂದು ಕೃಷ್ಣೆಯ ಪಾಲು, ಇನ್ನೊಂದು ಕಾವೇರಿಯ ಪಾಲು. ಭದ್ರೆ ಮತ್ತು ವೇದಾವತಿಯರಂತೂ ಹುಟ್ಟಿನಲ್ಲಿ ಬೇರೆಯಾಗಿ, ಇನ್ನೂರು ಮುನ್ನೂರು ಕಿಲೋಮೀಟರು ಸುತ್ತಿ, ಕೊನೆಗೆ ತುಂಗಭದ್ರೆಯಲ್ಲಿ ಮತ್ತೆ ಕೂಡುತ್ತಾರೆ.

ವೇದಾ ಮತ್ತು ಆವತಿ ಕೂಡಿದ ಮೇಲೆ ಹೊಳೆಗೆ ವೇದಾವತಿ ಎಂಬ ಹೆಸರು. ಕಡೂರು, ಹೊಸದುರ್ಗಗಳನ್ನು ದಾಟಿ ಅದು ಎರಡು ಗುಡ್ಡಗಳ ನಡುವಿನ ಮಾರಿಕಣಿವೆಗೆ ಬರುತ್ತದೆ. 1898ರಲ್ಲಿ ಪ್ರಾರಂಭವಾಗಿ 1907ರಲ್ಲಿ ಮುಗಿದ ಅಣೆಕಟ್ಟು ಅದನ್ನು ಅಲ್ಲಿ ತಡೆದು ನಿಲ್ಲಿಸಿದೆ.

ಬೆಟ್ಟದ ನೀರು, ಬಯಲಿನ ನೀರು

ಗಿರಿಯ ನೆತ್ತಿಯ ಮೇಲೆ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ. ಹಿರಿಯೂರು, ಚಳ್ಳಕೆರೆ ಬಯಲಿನಲ್ಲಿ ಸುಮಾರು 450ರಿಂದ 600 ಮಿಲಿಮೀಟರು. ಪ್ರಮಾಣದಲ್ಲಿ ಮಾತ್ರವಲ್ಲ, ಕಾಲದಲ್ಲಿಯೂ ವ್ಯತ್ಯಾಸವಿದೆ. ಬೆಟ್ಟಕ್ಕೆ ಪುನರ್ವಸು, ಪುಷ್ಯ ಮಳೆಗಳು ಪ್ರಧಾನ. ಬಯಲಿಗೆ ಉತ್ತರೆ, ಹಸ್ತ, ಚಿತ್ತೆ ಮಳೆಗಳೇ ಆಧಾರ. ಆದುದರಿಂದ ಆಷಾಢದಲ್ಲಿ ಹೊಳೆಯಲ್ಲಿ ಕೆಂಪು ನೀರು ಬಂದರೆ ಅದು ಬೆಟ್ಟದ್ದು, ನವರಾತ್ರಿಯ ವೇಳೆಗೆ ಬಂದರೆ ಬಯಲಿನದು ಎಂದು ಸ್ಥೂಲವಾಗಿ ತಿಳಿಯಬಹುದು.

ಬೆಟ್ಟದ ಮಳೆ ಜಿನುಗು ಮಳೆ, ದಿನಗಟ್ಟಲೆ ಹಿಡಿಯುವ ಮಳೆ. ಅಲ್ಲಿನ ಹುಲ್ಲುಗಾವಲು ಹಾಗೂ ಕಣಿವೆಯ ಶೋಲಾ ಕಾಡಿನ ನೆಲದ ಮೇಲೆ ಎಲೆ, ಬೇರು, ಹ್ಯೂಮಸ್ಸು ಸೇರಿ ಹಾಸಿಗೆಯಂತೆ ಇರುತ್ತದೆ. ಹನಿ ಅಲ್ಲಿ ನೆಲಕ್ಕೆ ಬಡಿಯುವುದಿಲ್ಲ, ಇಳಿಯುತ್ತದೆ. ಇಳಿದ ನೀರು ಬಂಡೆಯ ಮೇಲಿನ ಮಣ್ಣಿನ ಪದರದಲ್ಲಿ ಓರೆಯಾಗಿ ಸಾಗಿ, ವಾರಗಳ ಅಥವಾ ತಿಂಗಳುಗಳ ಮೇಲೆ ತಪ್ಪಲಿನಲ್ಲಿ ಒಸರುತ್ತದೆ. ಮಳೆ ನಿಂತ ಮೇಲೂ ಝರಿ ಹರಿಯುವುದು ಇದರಿಂದ. ಬೆಟ್ಟದ ಬುಡದಲ್ಲಿಯೇ, ಸಖರಾಯಪಟ್ಟಣದ ಬಳಿ ಅಯ್ಯನಕೆರೆಯನ್ನೂ, ಕಡೂರು ಸೀಮೆಯಲ್ಲಿ ಮದಗದ ಕೆರೆಯನ್ನೂ ಕಟ್ಟಿದ ನಮ್ಮ ಪೂರ್ವಿಕರು ಈ ಒಸರನ್ನು ಚೆನ್ನಾಗಿ ಅರಿತಿದ್ದರೆಂದೇ ಹೇಳಬೇಕು. ಒಂದು ದಿನದ ಪ್ರವಾಹವನ್ನು ನೆಚ್ಚಿ ಅಂಥ ಕೆರೆಯನ್ನು ಯಾರೂ ಕಟ್ಟುವುದಿಲ್ಲ.

ಬಯಲಿನ ಕಥೆಯೇ ಬೇರೆ. ಅಲ್ಲಿ ಮಳೆ ಅರ್ಧ ಗಂಟೆ ಗುಡುಗಿ ಸುರಿದು ನಿಲ್ಲುತ್ತದೆ. ಬಿತ್ತನೆಗೆ ಹದ ಮಾಡಿದ ಬೋಳು ಕೆಂಪು ಮಣ್ಣಿನ ಮೇಲೆ ದೊಡ್ಡ ಹನಿ ಬಡಿದಾಗ ಹೆಂಟೆ ಒಡೆದು, ನುಣುಪಾದ ಮಣ್ಣು ಮೇಲ್ಪದರದ ರಂಧ್ರಗಳನ್ನು ಮುಚ್ಚಿಬಿಡುತ್ತದೆ. ಒಣಗಿದ ಮೇಲೆ ರಾಗಿಯ ಮೊಳಕೆ ಮೇಲೇಳಲಾರದಂತೆ ಹೆಪ್ಪುಗಟ್ಟುವುದನ್ನು ನೀವು ಕಂಡಿದ್ದೀರಿ; ಆ ಹೆಪ್ಪು ಮಳೆ ಸುರಿಯುತ್ತಿರುವಾಗಲೇ ಆಗಿರುತ್ತದೆ. ಹೀಗಾಗಿ ಕೆಳಗಿನ ಮಣ್ಣು ಒಣಗಿದ್ದರೂ ಮೇಲೆ ನೀರು ಹರಿಯತೊಡಗುತ್ತದೆ. ಎರೆ ಭೂಮಿಯಲ್ಲಿ ಇದಕ್ಕೆ ತಿರುಗಾಮುರುಗಾ. ಬೇಸಿಗೆಯ ಬಿರುಕುಗಳು ಮೊದಲ ಮಳೆಯನ್ನು ಕುಡಿದುಬಿಡುತ್ತವೆ. ಮಣ್ಣು ಉಬ್ಬಿ ಬಿರುಕು ಮುಚ್ಚಿದ ಮೇಲೆ ನೀರು ಇಳಿಯುವುದು ಬಹಳ ನಿಧಾನ.

ಒಂದು ಎಕರೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಒಂದು ಲಕ್ಷ ಲೀಟರಿಗೂ ಸ್ವಲ್ಪ ಹೆಚ್ಚು ನೀರು ಬಿದ್ದಂತೆ. ಇದರಲ್ಲಿ ಬಹುಪಾಲು ಹೊಳೆಯನ್ನು ಕಾಣುವುದೇ ಇಲ್ಲ. ಮೊದಲು ಗಿಡದ ಎಲೆ, ಮಣ್ಣಿನ ಮೇಲ್ಮೈ ತೇವವಾಗುತ್ತವೆ. ಅದು ಬಿಸಿಲಿಗೆ ಹಾಗೆಯೇ ಆರುತ್ತದೆ. ಅನಂತರ ಬೇರಿನ ವಲಯ ತುಂಬಬೇಕು. ಒಂದು ಮೀಟರು ಆಳದ ಕೆಂಪು ಗೋಡು ಮಣ್ಣು ಸುಮಾರು 100 ಮಿಲಿಮೀಟರು, ಎರೆ ಮಣ್ಣು ಅದರ ಒಂದೂವರೆ ಎರಡರಷ್ಟು ತೇವವನ್ನು ಬೆಳೆಗಾಗಿ ಹಿಡಿದಿಡಬಲ್ಲದು. ಈ ಉಗ್ರಾಣ ತುಂಬಿದ ಮೇಲಷ್ಟೇ ಕೆಳಗಿನ ಅಂತರ್ಜಲಕ್ಕೆ ಪಾಲು. ಉಗ್ರಾಣದ ನೀರನ್ನು ರಾಗಿ, ಜೋಳ, ಶೇಂಗಾ, ಹೊಂಗೆ, ಬೇವು ಎಲ್ಲವೂ ಹೀರಿ ಆಕಾಶಕ್ಕೆ ಮರಳಿಸುತ್ತವೆ. ಇದನ್ನು ನಷ್ಟವೆನ್ನುವುದು ತಪ್ಪು. ನಿಮ್ಮ ಕಣಜಕ್ಕೆ ಬಂದ ಕಾಳು ಆ ನೀರಿನದೇ.

ಈಗ ಸಾಗರದ ಲೆಕ್ಕ ಮಾಡೋಣ. ವಾಣಿವಿಲಾಸ ಸಾಗರದ ಮೇಲಿನ ಜಲಾನಯನ ಪ್ರದೇಶ ಸುಮಾರು 5,370 ಚದರ ಕಿಲೋಮೀಟರು. ಪೂರ್ಣ ಮಟ್ಟವಾದ 130 ಅಡಿಗೆ ಅದರಲ್ಲಿ ಹಿಡಿಯುವ ನೀರು ಸುಮಾರು 30 ಟಿಎಂಸಿ. ಆ ನೀರನ್ನು ಮೇಲಿನ ಅಷ್ಟೂ ನೆಲದ ಮೇಲೆ ಸಮನಾಗಿ ಹರಡಿದರೆ ಎಷ್ಟು ಆಳ ನಿಲ್ಲುತ್ತದೆ? ಸುಮಾರು 158 ಮಿಲಿಮೀಟರು, ಅಂದರೆ ಆರು ಅಂಗುಲಕ್ಕೆ ಸ್ವಲ್ಪ ಮೇಲೆ. ಕೇಳುವುದಕ್ಕೆ ಇದು ಅಲ್ಪವೆನಿಸುತ್ತದೆ. ಆದರೆ ಈ ನೆಲದ ಬಹುಭಾಗ ಬೆಟ್ಟವಲ್ಲ, ವರ್ಷಕ್ಕೆ ಆರುನೂರು ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಬೀಳುವ ಬಯಲು. ಒಂದೇ ವರ್ಷದಲ್ಲಿ ಸಾಗರ ತುಂಬಬೇಕಾದರೆ ಬಿದ್ದ ಮಳೆಯಲ್ಲಿ ಕಾಲು ಭಾಗದಷ್ಟು ಹರಿದು ಬರಬೇಕು. ಇಂಥ ಒಣ ಬಯಲಿನಲ್ಲಿ ಸಾಧಾರಣ ವರ್ಷದಲ್ಲಿ ನೂರಕ್ಕೆ ಹತ್ತು ಪಾಲು ಬಂದರೆ ಹೆಚ್ಚೆನ್ನಬೇಕು. ಬಂದ ನೀರು ನಿಂತಲ್ಲಿಯೇ ಇರುವುದೂ ಇಲ್ಲ. ನಾಲೆಗೆ ಬಿಡಬೇಕು, ಊರುಗಳಿಗೆ ಕುಡಿಯುವುದಕ್ಕೆ ಕೊಡಬೇಕು. ಈ ಸೀಮೆಯ ಬಿಸಿಲು, ಗಾಳಿಗೆ ತೆರೆದ ನೀರಿನ ಮೈಯಿಂದ ವರ್ಷಕ್ಕೆ ಒಂದೂವರೆ ಮೀಟರಿಗೂ ಹೆಚ್ಚು ಆವಿಯಾಗಿ ಹೋಗುತ್ತದೆ.

ಅಂದಮೇಲೆ 89 ವರ್ಷ ಕೋಡಿ ಬೀಳಲಿಲ್ಲವೆಂಬುದರಲ್ಲಿ ಆಶ್ಚರ್ಯಪಡುವುದಕ್ಕೆ ಅಷ್ಟೇನೂ ಇಲ್ಲ. ಹೊಳೆಯ ಸಾಮರ್ಥ್ಯಕ್ಕಿಂತ ಪಾತ್ರೆ ದೊಡ್ಡದು. ಒಳ್ಳೆಯ ವರ್ಷದ ನೀರನ್ನು ಕೆಟ್ಟ ವರ್ಷಕ್ಕೆ ಉಳಿಸಲು ಅಂಥ ಪಾತ್ರೆ ಬೇಕು. ಇದರ ಜೊತೆಗೆ 2019ರಿಂದೀಚೆಗೆ ಭದ್ರಾ ಮೇಲ್ದಂಡೆ ಯೋಜನೆಯ ಮೂಲಕ, ಅಜ್ಜಂಪುರದ ಸುರಂಗವನ್ನು ಹಾದು, ಭದ್ರೆಯ ನೀರೂ ವೇದಾವತಿಗೆ ಬಂದಿದೆ. ನೆತ್ತಿಯ ಮೇಲೆ ಬೇರೆಯಾದ ಅಕ್ಕತಂಗಿಯರನ್ನು ಪಂಪು ಕೂಡಿಸಿತು ಎನ್ನಬಹುದು. ಆದುದರಿಂದ ಇತ್ತೀಚಿನ ಕೋಡಿಯನ್ನು ನೋಡಿ ನಮ್ಮ ಕಣಿವೆಯೇ ಸುಧಾರಿಸಿತೆಂದು ಭಾವಿಸಲಾಗದು.

ನೆಲದೊಳಗಿನ ಹೊಳೆ

ಚಿಂತೆ ಮಾಡಬೇಕಾದದ್ದು ಕೋಡಿಯ ಬಗ್ಗೆ ಅಲ್ಲ, ಬೇಸಿಗೆಯ ಹೊಳೆಯ ಬಗ್ಗೆ. ಈ ಕಣಿವೆಯ ಹಳಬರನ್ನು ಕೇಳಿದರೆ, ಮಳೆಗಾಲ ಕಳೆದು ತಿಂಗಳುಗಳಾದ ಮೇಲೂ ಹಳ್ಳಗಳಲ್ಲಿ ತೆಳ್ಳಗೆ ನೀರು ಹರಿಯುತ್ತಿತ್ತು, ಮರಳನ್ನು ಎರಡು ಅಡಿ ಬಗೆದರೆ ಚಿಲುಮೆ ನೀರು ಸಿಕ್ಕುತ್ತಿತ್ತು ಎನ್ನುತ್ತಾರೆ. ಅದು ಮೋಡದಿಂದ ನೇರವಾಗಿ ಬಂದ ನೀರಲ್ಲ. ಅದು ಅಂತರ್ಜಲ.

ನಮ್ಮ ನೆಲದ ರಚನೆ ಸರಳವಾಗಿದೆ. ಮೇಲೆ ಮಣ್ಣು. ಅದರ ಕೆಳಗೆ ಗರಸು, ಅಂದರೆ ಕೊಳೆತು ಸಡಿಲವಾದ ಬಂಡೆ. ಸಾಮಾನ್ಯವಾಗಿ ಮೂವತ್ತು, ನಲವತ್ತು, ಕೆಲವೆಡೆ ಅರವತ್ತು ಅಡಿ. ಅದರ ಕೆಳಗೆ ಗಟ್ಟಿ ಬಂಡೆ. ಅದರಲ್ಲಿ ಅಲ್ಲಲ್ಲಿ ಬಿರುಕು. ನೀರನ್ನು ಹೆಚ್ಚು ಹಿಡಿಯುವುದು ಗರಸಿನ ಪದರ. ಬಿರುಕು ನೀರನ್ನು ಸಾಗಿಸುವ ಕೊಳವೆಯೇ ಹೊರತು ಉಗ್ರಾಣವಲ್ಲ. ಹಿಂದಿನ ಕಪಿಲೆ ಬಾವಿಗಳು ಈ ಗರಸಿನಲ್ಲಿಯೇ ನಿಂತಿದ್ದವು. ದಿಬ್ಬದ ಕೆಳಗಿನ ಗರಸಿನಲ್ಲಿ ನೀರಿನ ಮಟ್ಟ ಎತ್ತರ, ಹಳ್ಳದ ಬಳಿ ತಗ್ಗು. ಹೀಗಾಗಿ ನೀರು ನೆಲದೊಳಗೇ ದಿನಕ್ಕೆ ಅಂಗೈಯಷ್ಟೋ ಗೇಣಷ್ಟೋ ದೂರ ಸರಿಯುತ್ತ ಹಳ್ಳದ ಕಡೆಗೆ ನಡೆದು ಅದರ ಪಾತ್ರದಲ್ಲಿ ಒಸರುತ್ತಿತ್ತು. ನೆರೆಯ ಪಾವಗಡ, ಮಧುಗಿರಿ ಸೀಮೆಯ ತಲಪರಿಗೆಗಳು ಇದೇ ಒಸರನ್ನು ಕಾಲುವೆಗೆ ತಿರುಗಿಸಿಕೊಂಡ ಏರ್ಪಾಡು. ಎತ್ತಿಲ್ಲದೆ, ಎಣ್ಣೆಯಿಲ್ಲದೆ ಗದ್ದೆಗೆ ನೀರು ಬರುತ್ತಿತ್ತು.

ಮಳೆಯ ನೀರಿನಲ್ಲಿ ಎಷ್ಟು ಈ ಗರಸಿಗೆ ಇಳಿಯುತ್ತದೆ? ಅಂತರ್ಜಲದ ಅಂದಾಜು ಮಾಡುವವರು ಇಂಥ ಕೊಳೆತ ಬಂಡೆಯ ನೆಲಕ್ಕೆ ಮಳೆಯ ನೂರಕ್ಕೆ ಸುಮಾರು ಹತ್ತು ಪಾಲು ಎಂದು ಹಿಡಿಯುತ್ತಾರೆ. ಜೇಡಿ ಹೆಚ್ಚಿರುವಲ್ಲಿ ಇನ್ನೂ ಕಡಮೆ. 600 ಮಿಲಿಮೀಟರು ಮಳೆಯಾದರೆ ಇಳಿದದ್ದು 60 ಮಿಲಿಮೀಟರು. ಒಂದು ಎಕರೆಗೆ ಇದು ಸುಮಾರು ಎರಡು ಲಕ್ಷ ನಲವತ್ತು ಸಾವಿರ ಲೀಟರು. ಒಂದು ಎಕರೆಯ ಒಡೆಯನಿಗೆ ಪ್ರಕೃತಿ ಕೊಡುವ ವರ್ಷದ ಸಂಬಳ ಇಷ್ಟೇ.

ಖರ್ಚನ್ನು ನೋಡಿ. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ತಾಲ್ಲೂಕುಗಳಲ್ಲಿ ಅಡಿಕೆ ತೋಟ ಹಬ್ಬುತ್ತಿದೆ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 540 ಗಿಡ. ಹನಿ ನೀರಾವರಿಯಲ್ಲಿ, ಬಹಳ ಮಿತವಾಗಿಯೇ, ಗಿಡಕ್ಕೆ ದಿನಕ್ಕೆ 20 ಲೀಟರು ಕೊಟ್ಟಿರೆನ್ನೋಣ. ದಿನಕ್ಕೆ ಹತ್ತು ಸಾವಿರದ ಎಂಟುನೂರು ಲೀಟರು. ಬೇಸಿಗೆಯಲ್ಲಿ 150 ದಿನ ಕೊಟ್ಟರೆ ಹದಿನಾರು ಲಕ್ಷ ಲೀಟರು ಮೀರುತ್ತದೆ. ಸಂಬಳ ಎರಡು ಲಕ್ಷ ನಲವತ್ತು ಸಾವಿರ, ಖರ್ಚು ಹದಿನಾರು ಲಕ್ಷ. ಅಂದರೆ ಒಂದು ಎಕರೆ ಅಡಿಕೆಯು ಆರೇಳು ಎಕರೆಯ ಅಂತರ್ಜಲವನ್ನು ಕುಡಿಯುತ್ತದೆ. ಸುತ್ತಲಿನ ಆರು ಎಕರೆ ಮಳೆಯಾಶ್ರಯದಲ್ಲಿ ಉಳಿದಿದ್ದರೆ ತೊಂದರೆಯಿಲ್ಲ. ಆ ಆರು ಎಕರೆಯವರೂ ತೋಟ ಹಾಕಿದರೆ ಏನಾಗುತ್ತದೆಂಬುದನ್ನು ನಾನು ಹೇಳಬೇಕಾಗಿಲ್ಲ. ಎಂಟುನೂರು, ಸಾವಿರ ಅಡಿ ಕೊರೆಸಿ ಒಣ ಧೂಳು ಕಂಡವರು ಈ ಸಭೆಯಲ್ಲಿಯೇ ಇದ್ದೀರಿ. ಅಡಿಕೆ ಬೇಡವೆಂದು ನಾನು ಹೇಳುತ್ತಿಲ್ಲ. ಬೆಲೆ ಇರುವ ಬೆಳೆಯನ್ನು ರೈತ ಏಕೆ ಬಿಡಬೇಕು? ಆದರೆ ಹನಿ ನೀರಾವರಿ ಹಾಕಿದೆ, ನೀರು ಉಳಿಯಿತು ಎಂದು ಹೇಳಿ, ಉಳಿದ ನೀರಿಗೆ ಮತ್ತೆ ಎರಡು ಎಕರೆ ತೋಟ ವಿಸ್ತರಿಸಿದರೆ, ಕಣಿವೆಯ ಲೆಕ್ಕದಲ್ಲಿ ಉಳಿದದ್ದು ಏನೂ ಇಲ್ಲ.

ಕೊಳವೆ ಬಾವಿಗಳು ನೀರಿನ ಮಟ್ಟವನ್ನು ಹಳ್ಳದ ಪಾತ್ರಕ್ಕಿಂತ ಕೆಳಗೆ ಇಳಿಸಿದಾಗ ನೀರಿನ ನಡೆಯೇ ತಿರುಗುಮುರುಗಾಗುತ್ತದೆ. ಮೊದಲು ನೆಲ ಹಳ್ಳಕ್ಕೆ ಕೊಡುತ್ತಿತ್ತು. ಈಗ ಹಳ್ಳ ನೆಲಕ್ಕೆ ಕೊಡಬೇಕು. ಹಸ್ತದ ಮಳೆಗೆ ಹಳ್ಳ ಬಂದರೂ ಆ ನೀರು ಒಣಗಿದ ಮರಳು, ಬರಿದಾದ ಗರಸುಗಳನ್ನು ತುಂಬಿಸುತ್ತಲೇ ಮುಂದುವರಿಯಬೇಕಾಗಿ, ನಾಲ್ಕು ಮೈಲಿ ಕೆಳಗಿನ ಕೆರೆಯನ್ನು ತಲುಪುವಷ್ಟರಲ್ಲಿ ಸೋತಿರುತ್ತದೆ. ಅದೇ ಪ್ರಮಾಣದ ಮಳೆಗೆ ಹಿಂದೆ ತುಂಬುತ್ತಿದ್ದ ಕೆರೆ ಈಗ ಏಕೆ ತುಂಬುವುದಿಲ್ಲ ಎಂಬುದಕ್ಕೆ ಕಾರಣವನ್ನು ನಾವು ಆಕಾಶದಲ್ಲಿ ಹುಡುಕುತ್ತೇವೆ. ಬಹಳ ಮಟ್ಟಿಗೆ ಅದು ನಮ್ಮ ಕಾಲ ಕೆಳಗಿದೆ. ಮರಳನ್ನು ಎತ್ತಿದ ಕಡೆ ಇನ್ನೊಂದು ಕೇಡು: ಮರಳು ತನ್ನ ಗಾತ್ರದ ಕಾಲು ಭಾಗಕ್ಕೂ ಮಿಕ್ಕಿ ನೀರನ್ನು ಬಿಸಿಲಿಗೆ ಸಿಕ್ಕದಂತೆ ಹಿಡಿದಿಡುತ್ತಿತ್ತು. ಲಾರಿಯಲ್ಲಿ ಹೋದದ್ದು ಆ ಉಗ್ರಾಣ.

ಬದು, ಒಡ್ಡು, ಕೆರೆ

ಮೇಲಿನವರು ಕಟ್ಟಿಕೊಂಡರು ಎಂಬ ದೂರಿಗೆ ಬರುವೆನು. ಇದು ಸೂಕ್ಷ್ಮವಾದ ವಿಷಯ. 1980ರ ದಶಕದಿಂದ ಜಲಾನಯನ ಅಭಿವೃದ್ಧಿ ಎಂಬ ಮಾತು ಹಳ್ಳಿಗಳಿಗೆ ಬಂದಿತು. ಬದು, ಕೃಷಿ ಹೊಂಡ, ತಡೆ ಒಡ್ಡುಗಳನ್ನು ಎಲ್ಲೆಡೆ ಮಾಡಿದೆವು. ಇವೆಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಹೊಲದ ಬದುವಿನ ಬಗ್ಗೆ ನನಗೆ ಸಂಶಯವಿಲ್ಲ. ಇಳಿಜಾರಿಗೆ ಅಡ್ಡಲಾಗಿ ಉಳುವುದು, ಸಮಪಾತಳಿ ಬದು, ಬದುವಿನ ಮೇಲೆ ಹುಲ್ಲು ಇವು ಮಣ್ಣನ್ನು ಉಳಿಸುತ್ತವೆ. ಬಿದ್ದ ಜಾಗದಲ್ಲಿಯೇ ಇಳಿದ ನೀರು ಕನಿಷ್ಠ ಒಂದು ಬೆಳೆಗಾದರೂ ಆಗುತ್ತದೆ. ಮಣ್ಣು ತೊಳೆದು ಕೆರೆ ಹೂಳುವುದು ತಪ್ಪುತ್ತದೆ. ಕೆಳಗಿನವನಿಗೆ ಸ್ವಲ್ಪ ನೀರು ಕಡಮೆಯಾದರೂ ಒಟ್ಟು ಕಣಿವೆಗೆ ಲಾಭವೇ.

ಹಳ್ಳಕ್ಕೆ ಅಡ್ಡಲಾಗಿ ಕೂಗಳತೆಗೊಂದು ತಡೆ ಒಡ್ಡು ಕಟ್ಟುವುದು ಬೇರೆ ಮಾತು. ಒಡ್ಡು ಹೊಸ ನೀರನ್ನು ಹುಟ್ಟಿಸುವುದಿಲ್ಲ. ಕೆಳಗಿನ ಕೆರೆಗೆ ಹೋಗುತ್ತಿದ್ದ ನೀರನ್ನು ಮೇಲಿನ ಬಾವಿಗೆ ವರ್ಗಾಯಿಸುತ್ತದೆ. ಒಡ್ಡಿನ ದಂಡೆಯಲ್ಲಿಯೇ ನಾಲ್ಕು ಕೊಳವೆ ಬಾವಿ ಕೊರೆದು ಹೊಸ ತೋಟ ಮಾಡಿದರೆ ಆ ವರ್ಗಾವಣೆ ಶಾಶ್ವತವಾಯಿತು. ಕೆರೆಗಳ ಸರಪಣಿಯಲ್ಲಿ ನಮ್ಮ ಹಿರಿಯರು ಒಂದು ನ್ಯಾಯವನ್ನು ಇಟ್ಟಿದ್ದರು. ಪ್ರತಿ ಕೆರೆಗೂ ಕೋಡಿ, ಕೋಡಿಯ ಎತ್ತರ ನಿಗದಿ, ಅದನ್ನು ಮೀರಿದ ನೀರು ಕೆಳಗಿನ ಕೆರೆಯ ಹಕ್ಕು. ಕೋಡಿಯ ಮೇಲೆ ಒಂದು ಸಾಲು ಕಲ್ಲು ಏರಿಸಿದರೂ ಕೆಳಗಿನ ಊರಿನವರು ಜಗಳಕ್ಕೆ ಬರುತ್ತಿದ್ದರು; ಬರಬೇಕಾದದ್ದೂ ನ್ಯಾಯವೇ. ಕೊಳವೆ ಬಾವಿಗೆ ಅಂಥ ಕೋಡಿ ಇಲ್ಲ. ಎಷ್ಟು ಎತ್ತಿದರೆ ಸಾಕು ಎಂದು ಹೇಳುವ ಕಲ್ಲು ಅದರಲ್ಲಿ ಎಲ್ಲಿಯೂ ನಿಂತಿಲ್ಲ. ನನ್ನ ಅಭಿಪ್ರಾಯದಲ್ಲಿ, ಹಳ್ಳದಲ್ಲಿ ಹೊಸ ಒಡ್ಡು ಬೇಕೆಂದು ಅರ್ಜಿ ಬರೆಯುವ ಮೊದಲು ಕೆಳಗಿನ ಕೆರೆಯ ಅಚ್ಚುಕಟ್ಟುದಾರರನ್ನು ಕರೆದು ಕೂರಿಸಿಕೊಳ್ಳತಕ್ಕದ್ದು. ವಿಸ್ತರಣಾ ಕಾರ್ಯಕರ್ತರು ಗ್ರಾಮದ ನಕ್ಷೆಯ ಜೊತೆಗೆ ಹಳ್ಳದ ನಕ್ಷೆಯನ್ನೂ ಹಿಡಿದು ಹೋದರೆ ಇದು ಸಾಧ್ಯ.

ಅಣೆಕಟ್ಟಿನ ಕೆಳಗೂ ಹೊಳೆ ಇದೆ ಎಂಬುದನ್ನು ಮರೆಯುತ್ತೇವೆ. ಹಿರಿಯೂರಿನ ಬಳಿ ತುಮಕೂರು ಜಿಲ್ಲೆಯ ಕಡೆಯಿಂದ ಸುವರ್ಣಮುಖಿ ಬಂದು ಸೇರುತ್ತದೆ. ಅಲ್ಲಿಂದ ಚಳ್ಳಕೆರೆ ತಾಲ್ಲೂಕಿನ ಪರಶುರಾಂಪುರದ ಕಡೆ ಸಾಗಿ, ಆಂಧ್ರದ ಅನಂತಪುರ ಸೀಮೆಗೆ ಹೋಗಿ, ಭೈರವಾನಿತಿಪ್ಪದ ಜಲಾಶಯವನ್ನು ಹಾದು, ಹಗರಿ ಎಂಬ ಹೆಸರಿನಲ್ಲಿ ಮತ್ತೆ ನಮ್ಮ ಬಳ್ಳಾರಿಗೆ ಬಂದು ತುಂಗಭದ್ರೆಗೆ ಸೇರುತ್ತದೆ. ಸಾಗರದಿಂದ ಬಿಟ್ಟರೆ ಅಥವಾ ಸುವರ್ಣಮುಖಿ ಬಂದರೆ ಮಾತ್ರ ಅಲ್ಲಿ ನೀರು. ಬಳ್ಳಾರಿಯ ಅಗಲವಾದ ಮರಳು ಪಾತ್ರವನ್ನು ನೋಡಿದವರು ಇದು ಗಿರಿಯ ಮೇಲೆ ಹುಟ್ಟಿದ ಹೊಳೆಯೆಂದು ನಂಬುವುದು ಕಷ್ಟ.

ಕಡೆಯದಾಗಿ, ಮನೆಗೆ ಹೋಗಿ ಮಾಡಬಹುದಾದ ಒಂದು ಕೆಲಸ. ಬುಡದಿಂದ ಬಾಯಿಯವರೆಗೆ ಒಂದೇ ಅಗಲವಿರುವ ಡಬ್ಬಿಯೊಂದನ್ನು ಮರ, ಗೋಡೆಗಳಿಂದ ದೂರವಾಗಿ ಬಯಲಿನಲ್ಲಿಟ್ಟು, ಪ್ರತಿದಿನ ಬೆಳಗ್ಗೆ ಎಂಟೂವರೆಗೆ ನೀರನ್ನು ಅಳತೆಪಟ್ಟಿಯಿಂದ ಅಳೆದು ಚೆಲ್ಲಿ. ಊರಿನಲ್ಲಿ ಬಳಸದೆ ಬಿಟ್ಟ ತೆರೆದ ಬಾವಿಯೋ ಕೊಳವೆ ಬಾವಿಯೋ ಇದ್ದರೆ, ಹಗ್ಗಕ್ಕೆ ಗಂಟು ಹಾಕಿ ನೀರಿನ ಆಳವನ್ನು ವರ್ಷಕ್ಕೆ ಎರಡು ಸಲ ನೋಡಿ: ಮುಂಗಾರಿಗೆ ಮೊದಲು ಮೇ ತಿಂಗಳಲ್ಲಿ, ಹಿಂಗಾರು ಮುಗಿದ ಮೇಲೆ ನವೆಂಬರಿನಲ್ಲಿ. ಕೊಳವೆ ಬಾವಿಯಾದರೆ ಅಳತೆ ಮುಗಿದೊಡನೆ ಬಾಯಿಯನ್ನು ಭದ್ರವಾಗಿ ಮುಚ್ಚಿರಿ, ಮಕ್ಕಳ ಜೀವದ ಪ್ರಶ್ನೆ. ನವೆಂಬರಿನ ಮಟ್ಟ ಮೇ ತಿಂಗಳಿಗಿಂತ ಎಷ್ಟು ಮೇಲೆ ಬಂದಿದೆಯೋ ಅದು ಆ ವರ್ಷದ ಜಮೆ. ಮರುವರ್ಷ ಮೇ ತಿಂಗಳಿಗೆ ಎಷ್ಟು ಇಳಿದಿದೆಯೋ ಅದು ಖರ್ಚು. ಎರಡನ್ನೂ ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಬರೆಯಿರಿ. ಮೂರು ವರ್ಷದ ಅಂಕಿಗಳು ಸೇರಿದರೆ, ಬೇಸಿಗೆಯ ಬೆಳೆ ಎಷ್ಟು ಎಕರೆ ಇಡಬಹುದೆಂದು ನೀವೇ ಕುಳಿತು ತೀರ್ಮಾನಿಸಬಹುದು. ಕಾರ್ಯಕರ್ತ ಮಿತ್ರರು ಆ ಅಂಕಿಗಳನ್ನು ಕೆಳಗಿನ ಕೆರೆಯ ಊರಿಗೂ ತಲುಪಿಸಬೇಕೆಂದು ಕೋರುತ್ತೇನೆ. ಈಗ ತಮ್ಮ ಪ್ರಶ್ನೆಗಳನ್ನು ಕೇಳಬಹುದು.